ಠಾಕುರ್ ಬಾಬು ಬಾಗಿಲಿಗೆ ಬಂದೂಕು ಬಂತು

ನಮ್ಮ ಕಮಲಾಗಂಜಿನಲ್ಲಿ ಓದಿ ಯಾರೂ ದೊಡ್ಡವರಾಗುವುದಿಲ್ಲ. ಬಾಗಿಲಲ್ಲಿ ಬಂದೂಕು ನಿಂತರೆ ದೊಡ್ಡವರಾಗುತ್ತಾರೆ. ಶಾಸಕರ ಬಾಗಿಲಲ್ಲಿ ಎರಡು ಬಂದೂಕು. ಮರಳು ಗುತ್ತಿಗೆದಾರನ ಬಾಗಿಲಲ್ಲಿ ಒಂದೂವರೆ, ಅಂದರೆ ಒಬ್ಬನ ಕೈಯಲ್ಲಿ ಬಂದೂಕು, ಇನ್ನೊಬ್ಬನ ಕೈಯಲ್ಲಿ ಲಾಠಿ. ವಿಶ್ವವಿದ್ಯಾಲಯದ ಕುಲಪತಿಯ ಬಾಗಿಲಲ್ಲಿ ಒಂದು. ಇಡೀ ಜಿಲ್ಲೆಯ ವಿದ್ಯೆಗೆ ಸರ್ಕಾರ ಕಟ್ಟಿದ ಬೆಲೆ ಒಂದು ಬಂದೂಕು. ಅದರೊಳಗೆ ಗುಂಡು ಇದೆಯೋ ಇಲ್ಲವೋ ನನಗೆ ತಿಳಿಯದು. ನಾನು ಬಿಲ್ಟು ಸಾಹ್ನಿ, ಎಂಟನೆಯ ತರಗತಿಗೇ ಶಾಲೆ ಬಿಟ್ಟವನು, ಟೋಟೋ ಓಡಿಸುತ್ತೇನೆ. ಬ್ಯಾಟರಿ ರಿಕ್ಷಾಕ್ಕೆ ನಮ್ಮ ಕಡೆ ಟೋಟೋ ಅನ್ನುತ್ತಾರೆ.

ನಮ್ಮ ಮನೆಯಲ್ಲಿ ಓದಿದವಳು ಅಕ್ಕ ಗುಂಜನ್ ಒಬ್ಬಳೇ. ಇಬ್ಬರನ್ನೂ ಓದಿಸುವಷ್ಟು ಮೀನು ಅಪ್ಪನ ಬಲೆಗೆ ಬೀಳುತ್ತಿರಲಿಲ್ಲ. ನಾನು ಬಿಟ್ಟೆ, ಅವಳು ಕನ್ನಡಕ ಹಾಕಿಕೊಂಡಳು. ಬಿ.ಎ. ಅನ್ನುವುದು ಮೂರು ವರ್ಷದ ಓದು. ನಮ್ಮ ವಿಶ್ವವಿದ್ಯಾಲಯ ಉದಾರಿ, ಅದನ್ನು ಆರು ವರ್ಷ ಓದಿಸಿತು. ಅಷ್ಟಾದ ಮೇಲೆ ಅವಳು ಸರ್ಕಾರಿ ಶಾಲೆಗೆ ಶಿಕ್ಷಕಿಯಾಗಿ ಆಯ್ಕೆಯೂ ಆದಳು. ಹೋಳಿಯೊಳಗೆ ಮೂಲ ಪದವಿ ಪತ್ರ ತಂದು ತೋರಿಸಿದರೆ ನೌಕರಿ, ಇಲ್ಲವಾದರೆ ಆ ಜಾಗ ಪಟ್ಟಿಯಲ್ಲಿ ಅವಳ ಹಿಂದಿನವರಿಗೆ. ಪದವಿ ಪತ್ರ ಅಚ್ಚಾಗಿ ಬಂದಿತ್ತು. ಮುದ್ರೆ ಬಿದ್ದಿತ್ತು. ಕೊನೆಯ ಒಂದು ಸಹಿ ಬಾಕಿ ಇತ್ತು, ಕುಲಪತಿಯ ಸಹಿ. ಕುಲಪತಿಯೇ ಇರಲಿಲ್ಲ.

ಹಿಂದಿನ ಕುಲಪತಿ ಚಳಿಗಾಲದಲ್ಲಿ ಒಂದು ಸಂಜೆ ಎದೆನೋವೆಂದು ಪಟ್ನಾಕ್ಕೆ ಹೋದವರು ತಿರುಗಿ ಬರಲಿಲ್ಲ. ಎದೆನೋವಿನ ಜೊತೆ ಬಂಗಲೆಯ ಪರದೆಗಳೂ ಸರ್ಕಾರಿ ಕಾರೂ ಹೋಗಿದ್ದವು. ಅಲ್ಲಿಂದ ಆ ಕುರ್ಚಿ ಖಾಲಿ. ಸಹಿ ಬೇಕಾದವರು ಬೀಗ ಹಾಕಿದ ಕೋಣೆಯ ಮುಂದೆ ದಿನಾ ಕೂತು, ಕಡಲೆಕಾಯಿ ತಿಂದು, ಸಿಪ್ಪೆ ಅಲ್ಲೇ ಬಿಟ್ಟು ಏಳುತ್ತಿದ್ದರು.

ಈ ಖಾಲಿ ಕುರ್ಚಿಯ ಮೇಲೆ ಕಣ್ಣಿಟ್ಟವರಲ್ಲಿ ನಮ್ಮ ಬೀದಿಯ ಪ್ರೊಫೆಸರ್ ತೃಪ್ತಿನಾರಾಯಣ ಠಾಕುರ್ ಒಬ್ಬರು. ದಿನಾ ನನ್ನ ಟೋಟೋದಲ್ಲೇ ಕಾಲೇಜಿಗೆ ಹೋಗುವವರು. ಮನಃಶಾಸ್ತ್ರ ಅವರ ವಿಷಯ. ಆದರೆ ಅವರು ಜೀವನವೆಲ್ಲ ಮಾಡಿದ್ದು ಪ್ರಭಾರಿ ಕೆಲಸ. ಯಾವ ಅಧಿಕಾರಿ ರಜೆ ಹಾಕಿದರೂ ಆ ಜಾಗಕ್ಕೆ ಇವರೇ ಪ್ರಭಾರಿ. ಓಡಿ ಗೊತ್ತಿಲ್ಲದವರು ಕ್ರೀಡೆಗೆ ಪ್ರಭಾರಿ. ಇಲಿ ಕಂಡರೆ ಹೆದರುವವರು ಹಾಸ್ಟೆಲಿಗೆ ಪ್ರಭಾರಿ. ಪರೀಕ್ಷಾ ಅಧಿಕಾರಿ ಮೂಲವ್ಯಾಧಿಗೆ ಕೊಯ್ಯಿಸಿಕೊಳ್ಳಲು ಹೋದಾಗ ಒಂದು ವಾರ ಪರೀಕ್ಷೆಗೂ ಪ್ರಭಾರಿ. ಆ ವಾರ ಹಳೆಯ ಕುಲಪತಿ ಮುಂದಿಟ್ಟ ಕಾಗದಕ್ಕೆಲ್ಲ ಅವರು ಸಹಿ ಹಾಕಿದರು. ಯಾಕೆಂದರೆ ಕುಲಪತಿಗಳು "ಹಾಕಿ ಠಾಕುರ್ ಬಾಬು, ಮುಂದೆ ನೀವೂ ಈ ಕುರ್ಚೀಲಿ ಕೂರ್ಬೇಕಾದೋರು" ಅಂದಿದ್ದರು. ಹಾಗೆ ಅಂದ ಮೇಲೆ ಓದಿ ನೋಡುವುದು ಮರ್ಯಾದೆಯೇ?

ಫಾಲ್ಗುಣ ಹುಟ್ಟುವ ಮುಂಚೆ ಅವರಿಗೆ ಪಟ್ನಾದಿಂದ ಸಂದರ್ಶನಕ್ಕೆ ಕರೆ ಬಂತು. ಕೆಲಸದ ಮೇಲೆ ಹೊರಟವರು ಹೊಸ್ತಿಲಲ್ಲಿ ಜೀವಂತ ಮೀನಿನ ಮುಖ ನೋಡಿ ಹೊರಡುವುದು ನಮ್ಮ ಕಡೆಯ ಪದ್ಧತಿ. ಅವರ ಹೆಂಡತಿ ಶ್ಯಾಮಾ ಚಾಚಿ ನನ್ನ ಕೈಯಲ್ಲಿ ಒಂದು ರೋಹು ಮೀನು ತರಿಸಿ ಬಕೆಟ್ಟಿನಲ್ಲಿ ಬಿಟ್ಟರು. ಠಾಕುರ್ ಬಾಬು ಕನ್ನಡಕ ಹುಡುಕಿ ಹೊರಗೆ ಬರುವಷ್ಟರಲ್ಲಿ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು.

"ಸತ್ತಿದೆಯಲ್ಲೇ!" ಅಂದರು.

"ಸತ್ರೇನು? ಮುಖ ಇದೆಯಲ್ಲ, ನೋಡಿ ಹೊರಡಿ" ಅಂದರು ಚಾಚಿ.

ಮರುದಿನ ಬಸ್ ನಿಲ್ದಾಣದಿಂದ ಅವರನ್ನು ಮನೆಗೆ ಕರೆತಂದವನೂ ನಾನೇ.

"ಏನ್ ಕೇಳಿದ್ರು ಸರ್?"

"ದೂರದಿಂದ ಬಂದಿದೀರಾ ಅಂದ್ರು. ಹೌದು ಅಂದೆ."

"ಆಮೇಲೆ?"

"ಹಾಗಾದ್ರೆ ಬೇಗ ಹೊರಡಿ, ಕತ್ತಲಾಗುತ್ತೆ ಅಂದ್ರು. ಒಳ್ಳೇ ಜನ ಬಿಲ್ಟು. ನನ್ನ ಕ್ಷೇಮದ ಮೇಲೆ ಎಷ್ಟು ಕಾಳಜಿ!"

ಆ ಕುರ್ಚಿ ಸಿಗುವ ನಂಬಿಕೆ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಹೋಳಿ ಹತ್ತಿರ ಬರುತ್ತಿತ್ತು. ಗುಂಜನ್ ಮನೆಯಲ್ಲಿ ಮಾತಾಡುವುದನ್ನು ಬಿಟ್ಟಿದ್ದಳು.

ಹೀಗಿರುವಾಗ ಒಂದು ಬೆಳಗ್ಗೆ ಠಾಕುರ್ ಬಾಬು ಬೇವಿನ ಕಡ್ಡಿ ಕಚ್ಚಿಕೊಂಡು ಗೇಟು ತೆಗೆದರೆ, ಎದುರಿಗೆ ಬಂದೂಕು ನಿಂತಿತ್ತು. ಬಂದೂಕಿನ ಹಿಂದೆ ಹುಡುಕಿದರೆ ಒಬ್ಬ ಸಿಪಾಯಿಯೂ ಇದ್ದ. ಹೆಸರು ರಾಮ್‌ಪದಾರಥ್, ಬಂದೂಕೇ ಅವನಿಗಿಂತ ದಪ್ಪ.

"ಪ್ರೊಫೆಸರ್ ಠಾಕುರ್ ಅಂದ್ರೆ ತಾವೇನಾ ಹುಜೂರ್?"

"ಹೌದಪ್ಪಾ. ಯಾಕೆ?"

ಸಿಪಾಯಿ ಬೂಟು ಕುಟ್ಟಿ ಸೆಲ್ಯೂಟ್ ಹೊಡೆದ. "ಯಾಕೆ ಅಂತ ಗೊತ್ತಿಲ್ಲ ಹುಜೂರ್. ಈ ಗೇಟಿಗೆ ಡ್ಯೂಟಿ ಅಂದ್ರು, ಬಂದೆ. ಯಾಕೆ ಅಂತ ಕೇಳೋ ಅಭ್ಯಾಸ ನಮ್ಮ ಇಲಾಖೇಲಿಲ್ಲ."

ಸೆಲ್ಯೂಟ್ ಯಾಕೆ ಹೊಡೆದೆ ಎಂದು ಆಮೇಲೆ ನಾನು ಕೇಳಿದೆ. "ಕನ್ನಡಕ ಹಾಕಿದೋರಿಗೆಲ್ಲ ಹೊಡೀತೀನಿ ಭಾಯಿ. ಯಾರು ಯಾವಾಗ ದೊಡ್ಡೋರಾಗ್ತಾರೋ ಯಾರಿಗ್ ಗೊತ್ತು?" ಅಂದ.

ಆದರೆ ಆ ಸೆಲ್ಯೂಟನ್ನು ಪಕ್ಕದ ಮನೆಯ ಡಾಕ್ಟರ್ ನಿತ್ಯಾನಂದ ಚೌಧರಿ ಗೋಡೆಯ ಮೇಲಿಂದ ನೋಡಿಬಿಟ್ಟರು. ಅವರು ರಸಾಯನಶಾಸ್ತ್ರದವರು. ತಮ್ಮ ಬಚ್ಚಲ ನೀರನ್ನು ವರ್ಷಗಳಿಂದ ಠಾಕುರ್ ಬಾಬು ಅಂಗಳಕ್ಕೆ ಹರಿಸುತ್ತಿದ್ದವರು. ಪಂಚಾಯಿತಿ ನಡೆದಿತ್ತು, ಬೈದಾಟ ನಡೆದಿತ್ತು, ನೀರು ಮಾತ್ರ ದಿಕ್ಕು ಬದಲಿಸಿರಲಿಲ್ಲ. ಆವತ್ತು ಮಧ್ಯಾಹ್ನದೊಳಗೆ ಚೌಧರಿ ಬಾಬು ಪಂಚೆ ಎತ್ತಿ ಕಟ್ಟಿ, ಖುದ್ದು ಗುದ್ದಲಿ ಹಿಡಿದು, ಚರಂಡಿಯನ್ನು ತಮ್ಮ ಹಿತ್ತಲಿಗೇ ತಿರುಗಿಸಿಕೊಂಡರು. ಆಮೇಲೆ ಕೈ ತೊಳೆದು, ಮಖಾನಾ, ಅಂದರೆ ನಮ್ಮ ಕೊಳಗಳಲ್ಲಿ ಬೆಳೆಯುವ ಬೀಜದ ಅರಳು, ಪೋಣಿಸಿದ ಹಾರ ಹಿಡಿದು ಬಂದರು.

"ಕುಲಪತಿಗಳಿಗೆ ಪ್ರಣಾಮ. ನಾನಂತೂ ಮೊದಲಿಂದ ಹೇಳ್ತಿದ್ದೆ, ಆ ಕುರ್ಚಿಗೆ ಯೋಗ್ಯರು ಅಂದ್ರೆ ನೀವೊಬ್ರೇ."

"ಯಾವಾಗ ಹೇಳಿದ್ರಿ?" ಅಂದರು ಶ್ಯಾಮಾ ಚಾಚಿ.

"ಮನಸ್ಸಲ್ಲಿ ಭಾಭೀಜಿ."

ಠಾಕುರ್ ಬಾಬು ಹಾರದೊಳಗಿಂದ ಕತ್ತು ತೂರಿಸಿ, "ಆದೇಶ ಬಂದಿಲ್ಲವಲ್ಲ ಚೌಧರಿ ಬಾಬು" ಅಂದರು. ಆ ಹೊತ್ತಿಗೆ ಶ್ಯಾಮಾ ಚಾಚಿಯ ತಮ್ಮ ಲಾಲ್‌ಬಾಬು ಬಂದಿಳಿದ. ಕಪ್ಪು ಕನ್ನಡಕದವನು, ಸಂಬಂಧಿಕರ ಮನೆಯಲ್ಲಿ ಭಾಗ್ಯ ಹುಟ್ಟಿದರೆ ಸೂಲಗಿತ್ತಿಗಿಂತ ಮೊದಲು ಅಲ್ಲಿರುತ್ತಿದ್ದವನು. ಸಿಪಾಯಿ ಅವನಿಗೂ ಒಂದು ಸೆಲ್ಯೂಟ್ ಹೊಡೆದ.

"ಆದೇಶ ನಡ್ಕೊಂಡು ಬರುತ್ತೆ ಜೀಜಾಜಿ, ಬಂದೂಕು ಜೀಪಲ್ಲಿ ಬರುತ್ತೆ" ಅಂದ ಲಾಲ್‌ಬಾಬು. "ಯಾವ್ದು ಮೊದ್ಲು ಮುಟ್ಟುತ್ತೆ ನೀವೇ ಹೇಳಿ."

"ಪಟ್ನಾಕ್ಕೊಂದು ಫೋನ್ ಮಾಡಿ ಕೇಳ್ಲಾ?"

"ಏನಂತ? ನಾನು ಕುಲಪತಿ ಆದೆನಾ ಅಂತಲಾ? ತಾನು ಏನಾಗಿದೀನಿ ಅಂತ್ಲೇ ಗೊತ್ತಿಲ್ದೋನು ಯಾಕೆ ಅಂತ ಇನ್ನೊಬ್ರನ್ನ ಕೂರಿಸಿಬಿಡ್ತಾರೆ."

ಮನಃಶಾಸ್ತ್ರ ಫೋನನ್ನು ಜೇಬಿಗೆ ಹಾಕಿಕೊಂಡಿತು. ಸಂಜೆಯ ಹೊತ್ತಿಗೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ವರ್ಗ ಬೇಕಾದವರು, ವರ್ಗ ಬೇಡವಾದವರು, ಅಳಿಯನಿಗೆ ಗುಮಾಸ್ತಗಿರಿ ಬೇಕಾದವರು, ಸುಮ್ಮನೆ ಮುಖ ತೋರಿಸಿ ಹೋಗುವವರು. ಹಿಂದಿನ ದಿನ ಠಾಕುರ್ ಬಾಬುಗೆ ಪಾನ್ ಸಾಲ ಕೊಡುವುದಿಲ್ಲವೆಂದ ಅಂಗಡಿಯವನು ಬೆಳ್ಳಿಯ ರೇಕು ಸುತ್ತಿದ ಪಾನ್ ತಂದು ಬಾಯಿಗೇ ಇಟ್ಟ. ಯಾರೂ ಏನೂ ಕೇಳಲಿಲ್ಲ. ಬಂದೂಕಿನ ಕಡೆ ನೋಡಿದರು, ನಂಬಿದರು.

ಮರುದಿನ ವಿಶ್ವವಿದ್ಯಾಲಯಕ್ಕೆ ಹೊರಡುವುದೆಂದಾಯಿತು. ಕುಲಪತಿಯ ಕಾರು ಹಳೆಯ ಕುಲಪತಿಯ ಎದೆನೋವಿನ ಜೊತೆಗೇ ಹೋಗಿತ್ತಲ್ಲ? ಲಾಲ್‌ಬಾಬು ನನ್ನ ಟೋಟೋವನ್ನು ಸುತ್ತಿ ಬಂದು, ಬಣ್ಣದವನನ್ನು ಕರೆಸಿ, ಮುಂದಿನ ಗಾಜಿನ ಕೆಳಗೆ ಕೆಂಪು ಅಕ್ಷರದಲ್ಲಿ 'ಕುಲಪತಿ' ಎಂದು ಬರೆಸಿದ.

"ನನ್ನ ಗಾಡಿ ಕೆಡಿಸ್ಬೇಡಿ ಲಾಲ್‌ಬಾಬು."

"ಲೇ ಬಿಲ್ಟು, ನಿನ್ನ ಏಳು ತಲೇಲಿ ಯಾರ್ ಗಾಡಿ ಮೇಲಾದ್ರೂ ಈ ಪದ ಬಿದ್ದಿತ್ತೇನೋ? ಮೀನು ಬುಟ್ಟಿ ಹೊತ್ತೋರು ನೀವು. ಒಳ್ಳೇ ಗಟ್ಟಿ ಬಣ್ಣ ಹಾಕಿಸಿದೀನಿ, ಅಳಿಸಿದ್ರೂ ಹೋಗಲ್ಲ."

ಅವನ ಹಲ್ಲು ಉದುರಿಸಬೇಕೆನ್ನಿಸಿತು. ಆದರೆ ಆ ಪದದ ಹಿಂದೆ ಗುಂಜನ್‌ಗೆ ಬೇಕಾದ ಸಹಿ ಇತ್ತು. ಸುಮ್ಮನೆ ಹ್ಯಾಂಡಲ್ ಹಿಡಿದೆ. ಹಿಂದಿನ ಸೀಟಿನಲ್ಲಿ ಠಾಕುರ್ ಬಾಬು ಮತ್ತು ಲಾಲ್‌ಬಾಬು, ನನ್ನ ಪಕ್ಕ ಸಿಪಾಯಿ, ಬಂದೂಕಿನ ಮೂತಿ ನನ್ನ ಕಿವಿಯ ಹತ್ತಿರ. ಹೀಗೆ ನಮ್ಮ ಜಿಲ್ಲೆಯ ಉನ್ನತ ಶಿಕ್ಷಣ ಬೀದಿ ನಾಯಿಗಳ ಮುಂದೆ ಹಾಯ್ದು ಹೊರಟಿತು.

ವಿಶ್ವವಿದ್ಯಾಲಯದಲ್ಲಿ ಬಂದೂಕು ಇಳಿದ ಕೂಡಲೇ ಗುಮಾಸ್ತರು ಎದ್ದು ನಿಂತರು. ಕುಲಸಚಿವ ಅಂಬಿಕಾ ಬಾಬು, ಅವರೂ ಪ್ರಭಾರಿಯೇ, ಚಪ್ಪಲಿ ಹುಡುಕದೆ ಬರಿಗಾಲಲ್ಲಿ ಓಡಿ ಬಂದರು. ಬೀಗದ ಕೈ ಯಾರ ಬಳಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಬೀಗವನ್ನೇ ಒಡೆದರು. ಒಬ್ಬ ಗುಮಾಸ್ತ ಮೆಲ್ಲಗೆ, "ಹುಜೂರ್, ಆದೇಶದ ಪ್ರತಿ?" ಅಂದ.

ಅಂಬಿಕಾ ಬಾಬು ಅವನ ತೋಳು ಚಿವುಟಿದರು. "ಬಾಯ್ ಮುಚ್ಚೋ. ಹೋದ ಸಲ ಆದೇಶ ಕೇಳಿದೋನು ನದಿ ಆಚೆ ಕಾಲೇಜಲ್ಲಿ ಪಾರಿವಾಳ ಓಡಿಸ್ತಾ ಕೂತಿದಾನೆ."

ಠಾಕುರ್ ಬಾಬು ಕುರ್ಚಿಯ ಅಂಚಿನಲ್ಲಿ ಕೂತರು. ಪೂರ್ತಿ ಕೂರಲು ಅವರಿಗೆ ಭಯ. ಫೈಲುಗಳು ಬಂದವು. ಕಟ್ಟಡದ್ದು, ಪೀಠೋಪಕರಣದ್ದು, ಪ್ರತಿಯೊಂದರ ಹಿಂದೆ ಹಲ್ಲು ಕಿರಿಯುವ ಒಬ್ಬ ಮನುಷ್ಯ. ಒಂದಕ್ಕೂ ಸಹಿ ಹಾಕಲಿಲ್ಲ. "ಆದೇಶ ಬರ್ಲಿ, ಆದೇಶ ಬರ್ಲಿ" ಅನ್ನುತ್ತ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು. ಲಾಲ್‌ಬಾಬು ಹಲ್ಲು ಕಡಿದ. ದೇಶ ನಡೆಸುವ ತಾಕತ್ತಿರುವವನು ಅವನು, ಸಹಿಯಿಲ್ಲದೆ ಹೇಗೆ ನಡೆಸಿಯಾನು?

ನಾನು ಹೊರಗೆ ಹೋಗಿ, ಸಹಿಗೆ ಕಾದು ಕೂತವರ ನಡುವಿದ್ದ ಗುಂಜನ್‌ಳನ್ನು ಕರೆತಂದೆ. ಅವಳು ಗುಮಾಸ್ತನ ಮೇಜಿನಿಂದ ಪದವಿ ಪತ್ರ ತೆಗೆಸಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಾಗಿಲಲ್ಲಿ ನಿಂತಳು. ಸಿಪಾಯಿ ಅವಳ ಕನ್ನಡಕ ನೋಡಿ ಸೆಲ್ಯೂಟ್ ಹೊಡೆದ.

"ಸರ್, ನಾನು ನಿಮ್ಮ ವಿದ್ಯಾರ್ಥಿನಿ."

"ಹೌದಾ ಮಗಳೇ? ನನ್ನ ಪಾಠ ಕೇಳಿದೀಯಾ?"

"ಒಂದೇ ಸಲ ತಗೊಂಡಿದ್ರಿ ಸರ್. ಭಯದ ಬಗ್ಗೆ."

"ಹೇಗಿತ್ತು?"

"ಚೆನ್ನಾಗಿತ್ತು ಸರ್. ಅರ್ಧಕ್ಕೆ ಕರೆಂಟ್ ಹೋಯ್ತು. ನೀವೂ ಹೋದ್ರಿ."

ಠಾಕುರ್ ಬಾಬು ಪದವಿ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಓದಿದರು, ಮೇಲಿನಿಂದ ಕೆಳಗಿನವರೆಗೆ. ಅವರು ಪೂರ್ತಿ ಓದಿದ ಮೊದಲ ಸರ್ಕಾರಿ ಕಾಗದ ಅದೇ ಇರಬೇಕು. ಆಮೇಲೆ ಕೆಳಗಿಟ್ಟರು.

"ಲಿಖಿತ ಆದೇಶ ಬರ್ಲಿ ಮಗಳೇ. ಹಿಂದೊಂದ್ಸಲ ನೋಡ್ದೇ ಸಹಿ ಹಾಕಿ..." ಪೆನ್ನಿನ ಮುಚ್ಚಳ ಮತ್ತೆ ಹಾಕಿದರು.

"ಆಗ್ಲಿ ಸರ್" ಅಂದು ಗುಂಜನ್ ಪತ್ರವನ್ನು ಮತ್ತೆ ಚೀಲಕ್ಕೆ ಹಾಕತೊಡಗಿದಳು. ಅವಳು ಹಾಗೆಯೇ, ಇಲ್ಲ ಅಂದರೆ ಇಲ್ಲ ಅಂತ ನಂಬುವವಳು. ನನ್ನ ತಲೆ ಕಾದುಹೋಯಿತು.

"ಸರ್, ಕಟ್ಟಡಕ್ಕೆ ಹಾಕ್ಬೇಡಿ, ಕುರ್ಚಿಗೆ ಹಾಕ್ಬೇಡಿ. ಇವ್ಳು ಆರು ವರ್ಷ ಓದಿದಾಳೆ. ಹೋಳಿ ಕಳೆದ್ರೆ ಇದನ್ನ ಮೀನು ಕಟ್ಟೋಕೆ ಉಪಯೋಗಿಸ್ಬೇಕು. ಪೆನ್ನಲ್ಲಿ ಶಾಯಿ ಇದೆ, ಬಾಗಿಲಲ್ಲಿ ಬಂದೂಕಿದೆ. ಇನ್ನೇನ್ ಬೇಕು ಸರ್ ನಿಮಗೆ?"

ಠಾಕುರ್ ಬಾಬು ಬಂದೂಕಿನ ಕಡೆ ನೋಡಿದರು. ಗುಂಜನ್ ಕಡೆ ನೋಡಿದರು. ಕುರ್ಚಿಯಲ್ಲಿ ಮೊದಲ ಸಲ ಬೆನ್ನು ಹಿಂದಕ್ಕೊರಗಿಸಿ ಪೂರ್ತಿ ಕೂತರು. ಸಹಿ ಹಾಕಿದರು. ನಿಧಾನವಾಗಿ, ಒಂದು ಅಕ್ಷರವೂ ಇನ್ನೊಂದಕ್ಕೆ ತಾಗದಂತೆ. ಅವರ ಆಳ್ವಿಕೆಯಲ್ಲಿ ಬಿದ್ದ ಒಂದೇ ಸಹಿ ಅದು.

ಅಧ್ಯಾಪಕರ ಸಂಘದವರು ಹೊಸ ಕುಲಪತಿಗೆ ಪುರಭವನದಲ್ಲಿ ಸನ್ಮಾನ ಇಟ್ಟುಕೊಂಡರು. ಚೌಧರಿ ಬಾಬು ಖುದ್ದು ಠಾಕುರ್ ಬಾಬು ತಲೆಗೆ ಪಾಗ್ ಇಟ್ಟರು. ನಮ್ಮ ಮಿಥಿಲೆಯಲ್ಲಿ ಮದುಮಗನಿಗೂ ಪಂಡಿತನಿಗೂ ಇಡುವ ಆ ಟೋಪಿಯಂಥ ಪೇಟ ಅವರಿಗೆ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಶಾಲು ಹೊದಿಸಿದರು. ಮಖಾನಾ ಹಾರ ಬಿತ್ತು. ಅಂಬಿಕಾ ಬಾಬು ಭಾಷಣದಲ್ಲಿ, "ಇವರು ಕ್ರೀಡೆಯಲ್ಲಿ ಓಡಿದವರು, ಹಾಸ್ಟೆಲಿನಲ್ಲಿ ಬೆಳೆದವರು, ಪರೀಕ್ಷೆಯಲ್ಲಿ ತೇರ್ಗಡೆಯಾದವರು" ಅಂದರು. ಅಷ್ಟರಲ್ಲಿ ಠಾಣೆಯ ದಾರೋಗಾ ಸಾಹೇಬರು ಬಾಗಿಲಲ್ಲಿ ಕಾಣಿಸಿಕೊಂಡರು. ಲಾಲ್‌ಬಾಬು ಓಡಿಹೋಗಿ ಅವರಿಗೂ ಒಂದು ಹಾರ ಹಾಕಿ ವೇದಿಕೆಗೆ ಎಳೆದುಕೊಂಡು ಬಂದ.

ದಾರೋಗಾ ಹಾರದಿಂದ ಒಂದು ಮಖಾನಾ ಕಿತ್ತು ಬಾಯಿಗೆ ಹಾಕಿಕೊಂಡರು. "ಠಾಕುರ್ ಬಾಬು, ಸ್ವಲ್ಪ ಠಾಣೆ ತನಕ ಬರ್ಬೇಕಾಗಿತ್ತಲ್ಲ."

"ಉದ್ಘಾಟನೆಯಾ?" ಅಂದ ಲಾಲ್‌ಬಾಬು. "ನಾಳೆ ಇಟ್ಕೊಳ್ಳಿ. ಇವತ್ತು ಕುಲಪತಿಗಳಿಗೆ ಪುರುಸೊತ್ತಿಲ್ಲ."

"ಯಾವ ಕುಲಪತಿ?"

"ಇವ್ರೇ!"

"ಇವ್ರನ್ನ ಯಾರ್ ಮಾಡಿದ್ರು?"

ಲಾಲ್‌ಬಾಬು ಸಿಪಾಯಿಯ ಕಡೆ ಕೈ ತೋರಿಸಿದ. ದಾರೋಗಾ ಆ ಕಡೆ ನೋಡಿ, ನಗು ಬಂದರೂ ನಗದೆ, ಉಳಿದ ಮಖಾನಾ ನುಂಗಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಹಳೆಯ ಕುಲಪತಿ ಲಾರಿಗಟ್ಟಲೆ ಖಾಲಿ ಉತ್ತರಪತ್ರಿಕೆ ಕೊಂಡೆವೆಂದು ಹಣ ತೆಗೆದಿದ್ದರು. ಒಂದು ಲಾರಿಯೂ ಬರಲಿಲ್ಲ. ಎಲ್ಲ ಲಾರಿಗಳೂ ತಲುಪಿವೆ ಎಂದು ಸಹಿ ಹಾಕಿದವರು ಆ ವಾರದ ಪರೀಕ್ಷಾ ಪ್ರಭಾರಿ.

"ಅವರಂಗೆ ಇವ್ರೂ ಎದೆನೋವು ಅಂತ ಎಲ್ಲಾದ್ರೂ ಹೋಗ್ಬಿಟ್ಟಾರು ಅಂತ್ಲೇ ಬಾಗಿಲಿಗೆ ಸಿಪಾಯಿ ಹಾಕಿದ್ದು. ಕಣ್ಣಿಟ್ಟಿರ್ಲಿ ಅಂತ."

ಠಾಕುರ್ ಬಾಬು ಪಾಗ್ ಮೇಲೆತ್ತಿ ಸಿಪಾಯಿಯನ್ನು ನೋಡಿದರು.

"ಹೌದೇನಪ್ಪಾ ರಾಮ್‌ಪದಾರಥ್?"

"ನನಗೂ ಈಗ್ಲೇ ಗೊತ್ತಾಗ್ತಿರೋದು ಹುಜೂರ್" ಅಂದ ಅವನು, ಅಳುಮುಖ ಮಾಡಿಕೊಂಡು. ಏನು ಮಾಡಬೇಕೋ ತೋಚದೆ ಇನ್ನೊಂದು ಸೆಲ್ಯೂಟ್ ಹೊಡೆದ.

ಚೌಧರಿ ಬಾಬು ಮುಂದೆ ಬಂದು ಠಾಕುರ್ ಬಾಬು ತಲೆಯಿಂದ ಪಾಗನ್ನು ಮೆಲ್ಲಗೆ ಎತ್ತಿಕೊಂಡರು. "ತಪ್ಪು ತಿಳ್ಕೋಬೇಡಿ. ಇದು ಸಂಘದ್ದು. ಮುಂದಿನವ್ರಿಗೆ ಬೇಕಾಗುತ್ತೆ." ಶಾಲನ್ನು ಯಾರೋ ಆಗಲೇ ಮಡಚುತ್ತಿದ್ದರು. ಲಾಲ್‌ಬಾಬು ಎಲ್ಲಿ ಹೋದನೆಂದು ಇಂದಿಗೂ ತಿಳಿಯದು. "ನನಗೆ ಮೊದ್ಲೇ ಅನುಮಾನ ಇತ್ತು" ಅಂದರು ಅಂಬಿಕಾ ಬಾಬು. ಯಾವಾಗ ಎಂದು ಕೇಳಲು ಚಾಚಿ ಅಲ್ಲಿರಲಿಲ್ಲ.

ಠಾಣೆಯ ಜೀಪಿಗೆ ಡೀಸೆಲ್ ಇರಲಿಲ್ಲ. ದಾರೋಗಾ ನನ್ನ ಟೋಟೋ ಹತ್ತಿದರು. ಹೀಗಾಗಿ ಪ್ರೊಫೆಸರ್ ತೃಪ್ತಿನಾರಾಯಣ ಠಾಕುರ್ ಠಾಣೆಗೆ ಹೋದದ್ದೂ 'ಕುಲಪತಿ' ಎಂದು ಬರೆದ ಗಾಡಿಯಲ್ಲೇ. ದಾರಿಯುದ್ದಕ್ಕೂ ಸುದ್ದಿ ತಿಳಿಯದ ಜನ ಕೈಮುಗಿದರು. ಇವರೂ ಅಭ್ಯಾಸಬಲದಿಂದ ಮರಳಿ ಮುಗಿದರು. ಮನೆಗೆ ಹೋದರೆ ಚರಂಡಿಯ ನೀರು ಠಾಕುರ್ ಬಾಬು ಅಂಗಳಕ್ಕೆ ವಾಪಸು ಬಂದಿತ್ತು. ನೀರಿಗೆ ಇರುವಷ್ಟು ಲೋಕಜ್ಞಾನ ನಮಗಿಲ್ಲ.

ಹೋಳಿಯ ಹಿಂದಿನ ದಿನ ಗುಂಜನ್ ಪದವಿ ಪತ್ರ ಹಿಡಿದು ಶಿಕ್ಷಣ ಕಚೇರಿಯ ಸರದಿಯಲ್ಲಿ ನಿಂತಳು. ಅಧಿಕಾರಿ ಅದನ್ನು ಬೆಳಕಿಗೆ ಹಿಡಿದರು.

"ಈ ಸಹಿ ಮಾಡಿದೋರು ಜೈಲಲ್ಲಿದಾರೆ."

"ಆದ್ರೆ ನಾನು ಓದಿದ್ದು ನಿಜ ಸರ್."

"ಓದಿದ್ದನ್ನ ಇಲ್ಲಿ ಯಾರ್ ಕೇಳಿದ್ರಮ್ಮ? ಬೇರೆ ಪತ್ರ ತಗೊಂಬಾ."

ವಿಶ್ವವಿದ್ಯಾಲಯಕ್ಕೆ ಹೋದೆವು. ಅಂಬಿಕಾ ಬಾಬು ಕೈ ಅಲ್ಲಾಡಿಸಿದರು. "ಒಬ್ರಿಗೆ ಒಂದೇ ಮೂಲ ಪತ್ರ. ಅದನ್ನ ನೀವೇ ಕೆಡಿಸ್ಕೊಂಡ್ರಿ. ಎರಡನೇದಕ್ಕೆ ಕುಲಪತಿ ಅಪ್ಪಣೆ ಬೇಕು."

"ಕುಲಪತಿ ಎಲ್ಲಿ?" ಅಂದೆ.

"ಅದೇ ಅಲ್ವೇನಪ್ಪಾ ನಮ್ಮೆಲ್ರ ಪ್ರಶ್ನೆ?"

ಅವರು ಎಲ್ಲಿದ್ದಾರೆಂದು ಹೋಳಿಯ ಮರುದಿನ ಪತ್ರಿಕೆಯಲ್ಲಿ ಬಂತು, ನಮ್ಮವರಲ್ಲ, ಹಳೆಯವರು. ಎದೆನೋವು ವಾಸಿಯಾಗಿತ್ತು. ಇನ್ನೊಂದು ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿದ್ದರು. ಚಿತ್ರದ ಕೆಳಗೆ 'ಅನುಭವಿ ಆಡಳಿತಗಾರ' ಎಂದಿತ್ತು. ಆ ಪತ್ರಿಕೆಯಲ್ಲಿ ಸಮೋಸಾ ಕಟ್ಟಿಸಿಕೊಂಡು ತಂದವನು ನಾನೇ. ಗುಂಜನ್‌ಳ ಜಾಗಕ್ಕೆ ಪಟ್ಟಿಯಲ್ಲಿ ಅವಳ ಹಿಂದಿದ್ದ ಹುಡುಗಿ ಸೇರಿದಳು. ಒಳ್ಳೆಯ ಹುಡುಗಿ, ಬೈಯಲು ಕೂಡ ಆಗುವುದಿಲ್ಲ.

ಒಂದು ವಿಚಿತ್ರ ಮಾತ್ರ ಉಳಿಯಿತು. ಠಾಕುರ್ ಬಾಬು ಜೈಲಿಗೆ ಹೋದ ಮೇಲೂ ರಾಮ್‌ಪದಾರಥ್ ಗೇಟು ಬಿಟ್ಟು ಹೋಗಲಿಲ್ಲ. ವಾಪಸು ಬಾ ಎಂದು ಯಾರೂ ಹೇಳಿರಲಿಲ್ಲ, ಕೇಳುವ ಅಭ್ಯಾಸ ಅವನ ಇಲಾಖೆಯಲ್ಲಿರಲಿಲ್ಲ. ಚಾಚಿ ಅವನಿಗೆ ರೊಟ್ಟಿ ಕೊಡುತ್ತಿದ್ದರು. ಮಾವಿನ ಹೂ ಉದುರುವಷ್ಟರಲ್ಲಿ ಊರು ಮತ್ತೆ ಗುಸುಗುಸು ಶುರು ಮಾಡಿತು. ಬಂದೂಕು ಇನ್ನೂ ನಿಂತಿದೆ ಅಂದರೆ ಏನೋ ಇದೆ. ಮೇಲಿನವರು ಕೈ ಬಿಟ್ಟಿಲ್ಲ. ಒಂದು ಬೆಳಗ್ಗೆ ಚೌಧರಿ ಬಾಬು ಗುದ್ದಲಿ ಹಿಡಿದು ಬಂದು, ಅತ್ತಿತ್ತ ನೋಡಿ, ಚರಂಡಿಯನ್ನು ಅರ್ಧ ಮಾತ್ರ ತಿರುಗಿಸಿಟ್ಟರು.

ನಾನು ಜೈಲಿಗೆ ಹೋದದ್ದು ಜಗಳಕ್ಕೆ. ಆ ಪದವಿ ಪತ್ರವನ್ನು ಕಂಬಿಯ ಸಂದಿಯಲ್ಲಿ ತೂರಿಸಿ, ನೋಡಿ ನಿಮ್ಮ ಆಳ್ವಿಕೆ ಅನ್ನಬೇಕೆಂದಿದ್ದೆ. ಗುಂಜನ್ ಒಳಗೆ ಬರಲೊಪ್ಪದೆ ಹೊರಗೆ ಟೋಟೋದಲ್ಲೇ ಕೂತಳು. ಠಾಕುರ್ ಬಾಬು ಇಳಿದುಹೋಗಿದ್ದರು, ಆದರೆ ಕಣ್ಣಲ್ಲಿ ಮಿಂಚು.

"ಬಿಲ್ಟು! ಇಲ್ಲಿ ನನ್ನನ್ನ ಗ್ರಂಥಾಲಯಕ್ಕೆ ಪ್ರಭಾರಿ ಮಾಡಿದಾರೆ."

"ಪುಸ್ತಕ ಎಷ್ಟಿವೆ ಸರ್?"

"ಕಪಾಟಿದೆ." ಆಮೇಲೆ ಕಂಬಿಗೆ ಮುಖ ತಂದು, "ಕುಲಪತಿ ಹುದ್ದೆಗೆ ಮತ್ತೆ ಜಾಹೀರಾತು ಬಂದಿದೆಯಂತಲ್ಲ? ಅರ್ಜಿ ತಂದ್ಕೊಡ್ತೀಯಾ? ಅನುಭವ ಅನ್ನೋ ಕಡೆ ಈ ಸಲ ಬರೆಯೋಕೆ ಒಂದಿಷ್ಟಿದೆ" ಅಂದರು.

ನನ್ನ ಕೈ ಚೀಲದೊಳಗೆ ಪದವಿ ಪತ್ರದ ಮೇಲಿತ್ತು. ಅಷ್ಟರಲ್ಲಿ ಅವರೇ ಕೇಳಿದರು.

"ಅಂದ ಹಾಗೆ, ಆ ಹುಡುಗಿ, ನಿಮ್ಮಕ್ಕ? ಸೇರಿದ್ಲಾ ಶಾಲೆಗೆ?"

ಜೈಲಿನ ಕಾವಲುಗಾರ ಕೋಲಿನಿಂದ ನೆಲ ಕುಟ್ಟಿದ. ಹೊತ್ತಾಯಿತೆಂದು ಅದರ ಅರ್ಥ.

"ಸೇರಿದ್ಲು ಸರ್" ಅಂದೆ. "ಪುರನಾಹಾ ಶಾಲೆ."

"ದೂರ ಆಯ್ತಲ್ಲೋ?"

"ಟೋಟೋ ಇದೆಯಲ್ಲ ಸರ್."

"ಹೌದು, ಹೌದು, ಟೋಟೋ ಇದೆ." ಅವರು ಕಂಬಿ ಹಿಡಿದುಕೊಂಡು ತುಂಬ ಹೊತ್ತು ತಲೆಯಾಡಿಸಿದರು. "ನನ್ನ ಕಾಲದಲ್ಲಿ ಒಂದಾದ್ರೂ ಆಯ್ತು ನೋಡು. ಅವ್ಳಿಗೆ ಹೇಳು, ಆವತ್ತಿನ ಪಾಠದಲ್ಲಿ ಇನ್ನೊಂದು ಮಾತು ಬಾಕಿ ಇತ್ತು, ಕರೆಂಟ್ ಹೋಗಿ ನಿಂತೋಯ್ತು. ಯಾವ ಭಯಾನೂ ಅದು ಕಾಣಿಸಿದಷ್ಟು ದೊಡ್ಡದಿರಲ್ಲ. ಮಕ್ಕಳಿಗೆ ಮೊದ್ಲು ಅದನ್ನ ಹೇಳ್ಲಿ."

ಹೊರಗೆ ಬಂದೆ. ಗುಂಜನ್ ನನ್ನ ಕೈಯಲ್ಲಿದ್ದ ಚೀಲ ನೋಡಿದಳು. ತೋರಿಸಲಿಲ್ಲವೆಂದು ಅವಳಿಗೆ ತಿಳಿಯಿತು.

"ಏನಂದ್ರು?"

"ಪಾಠ ಮುಗಿಸಿದ್ರು."

ನಾನು ಚೀಲ ಅವಳ ಕೈಗೆ ಕೊಟ್ಟು ಗಾಡಿ ತಿರುಗಿಸಿದೆ. ಲಾಲ್‌ಬಾಬು ಹಾಕಿಸಿದ ಬಣ್ಣ ನಿಜಕ್ಕೂ ಗಟ್ಟಿ, ಸೀಮೆಎಣ್ಣೆ ಹಾಕಿ ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಚೌಕದಲ್ಲಿ ಟ್ರಾಫಿಕ್ ಸಿಪಾಯಿ ಕೆಂಪಕ್ಷರ ನೋಡಿದ, ಹಿಂದಿನ ಸೀಟಿನಲ್ಲಿ ಕನ್ನಡಕ ಹಾಕಿ ಕೂತ ಹೆಂಗಸನ್ನು ನೋಡಿದ, ಉಳಿದೆಲ್ಲ ಗಾಡಿಗಳನ್ನು ತಡೆದು ನಿಲ್ಲಿಸಿ ಸೆಲ್ಯೂಟ್ ಹೊಡೆದ. ಗುಂಜನ್ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.